ಬೆನ್ನು ತಿರುಗಿಸಿ ಕುಳಿತ ಹನ್ನೊಂದು ದಿನ

ಕಳೆದ ಜುಲೈ ಮಳೆಯಲ್ಲಿ ಮುಂಬೈಯ ಗೋರೆಗಾಂವ್ ಪೂರ್ವದ ಆರೆ ಕಾಲೋನಿಯಲ್ಲಿ ಯಾರೋ ಬಿಟ್ಟುಹೋಗಿದ್ದ ಹೆಣ್ಣು ಲ್ಯಾಬ್ರಡಾರ್ ನಾಯಿಯನ್ನು ಬಲೆಯಿಲ್ಲದೆ, ಮತ್ತಿನ ಮದ್ದಿಲ್ಲದೆ ಹನ್ನೊಂದನೆಯ ದಿನ ಹಗ್ಗಕ್ಕೆ ತಂದೆ. ‘ಅಷ್ಟರೊಳಗೆ ಚಿರತೆ ಒಯ್ದಿರುತ್ತದೆ’ ಎಂದು ಬಿಟ್ಟುಹೋದ ನಾಯಿಗಳನ್ನು ಕಾಪಾಡುವ ನಮ್ಮ ಗುಂಪಿನವರೆಲ್ಲ ಹೇಳಿದ್ದರು. ಭಯ ಸುಳ್ಳಲ್ಲ. ಪಕ್ಕದಲ್ಲೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ, ಅಲ್ಲಿಯ ಚಿರತೆಗೆ ನಾಯಿ ಸುಲಭದ ಬೇಟೆ. ಆದರೂ ನಾನು ಬಲೆ ಬೇಡವೆಂದೆ.

ಮೂರು ವರ್ಷಗಳ ಹಿಂದೆ ಮುಲುಂಡ್‌ನಲ್ಲಿ ಒಂದು ಜರ್ಮನ್ ಶೆಫರ್ಡ್ ನಾಯಿಯನ್ನು ಐದು ಜನ ಬಲೆ ಹಿಡಿದು ಸುತ್ತುವರಿದಿದ್ದೆವು. ಅದು ನನ್ನ ಕಾಲ ಸಂದಿಯಿಂದ ನುಸುಳಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಗೆ ಓಡಿತು. ಟೆಂಪೊ ಬಡಿದು ಅಲ್ಲೇ ಸತ್ತಿತು. ಬಲೆ ತರಿಸಿದವನು ನಾನೇ.

ಬೀದಿಯಲ್ಲಿ ಹುಟ್ಟಿದ ನಾಯಿಗೆ ಓಡುವ ದಾರಿ ಗೊತ್ತು. ಮನೆಯಲ್ಲಿ ಬೆಳೆದದ್ದು ಹೆಚ್ಚಾಗಿ ಕಾರು ತನ್ನನ್ನು ಇಳಿಸಿದ ಜಾಗವನ್ನು ಬಿಟ್ಟು ಕದಲುವುದಿಲ್ಲ. ಇದೂ ಹಾಗೆಯೇ ತಬೇಲಾದ (ಎಮ್ಮೆ ಕೊಟ್ಟಿಗೆಯ) ಬಳಿ ನಿಂತು ಪ್ರತಿ ಬಿಳಿ ಕಾರಿನ ಕಡೆಗೂ ಕತ್ತು ಎತ್ತುತ್ತಿತ್ತು. ಬೆಲ್ಟ್ ಬಿಚ್ಚಿಕೊಂಡು ಹೋಗಿದ್ದರು. ಕುತ್ತಿಗೆಯ ಸುತ್ತ ಕೂದಲು ಸವೆದು ಬಳೆಯಂತೆ ಬೋಳಾಗಿತ್ತು, ಮೊಲೆಗಳು ಜೋತು ಬಿದ್ದಿದ್ದವು. ಮರಿ ಹಾಕಿಸಿ ಹಾಕಿಸಿ ಬಿಟ್ಟದ್ದು ಎಂಬುದು ನಿಮಗೂ ತಿಳಿಯುತ್ತದೆ.

ಬೆಳಗಿನ ಇಡ್ಲಿ ಇಳಿಸಿ, ಹೋಟೆಲನ್ನು ತಮ್ಮನಿಗೆ ಒಪ್ಪಿಸಿ ನಾನು ಅಲ್ಲಿಗೆ ಮುಟ್ಟುವಾಗ ಏಳು ಗಂಟೆ. ದಿನವೂ ಅದೇ ಹೊತ್ತು, ಅದೇ ಅಂಗಿ, ಅದೇ ಸ್ಟೀಲ್ ತಟ್ಟೆ. ತಟ್ಟೆಯನ್ನು ಕಲ್ಲಿನ ಮೇಲೆ ಸದ್ದಾಗುವಂತೆ ಇಟ್ಟು, ಹತ್ತು ಹೆಜ್ಜೆ ದೂರ ಹೋಗಿ, ಬೆನ್ನು ತಿರುಗಿಸಿ ಕೂರುತ್ತಿದ್ದೆ. ಕರೆಯಬಾರದು, ನೋಡಬಾರದು. ದಿನಕ್ಕೊಂದು ಹೆಜ್ಜೆಯಷ್ಟು ತಟ್ಟೆಯನ್ನು ಹತ್ತಿರ ತರಬೇಕು. ಅನ್ನಕ್ಕೆ ಏನು ಬೆರೆಸುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಜಾತಿನಾಯಿ ಹಿಡಿದು ಮಾರುವವರೂ ಇದನ್ನು ಓದುತ್ತಾರೆ. ರಾತ್ರಿ ತಬೇಲಾದ ದೀಪ ಆರದಂತೆ ನೋಡಿಕೊಳ್ಳಲು ಕಾವಲುಗಾರನಿಗೆ ದಿನಕ್ಕೆ 100 ರೂಪಾಯಿ ಕೊಟ್ಟೆ. ನಾಯಿ ಆ ದೀಪದ ಕೆಳಗೇ ಮಲಗುತ್ತಿತ್ತು.

ಐದನೆಯ ದಿನ ಆತುರಪಟ್ಟು ಕೆಟ್ಟೆ. ಗೆಳೆಯನ ಬಿಳಿ ಕಾರು ತಂದು ಹಿಂದಿನ ಬಾಗಿಲು ತೆರೆದಿಟ್ಟೆ. ನಾಯಿ ಬಾಲವಾಡಿಸುತ್ತಾ ಓಡಿ ಬಂತು, ಸೀಟು ಮೂಸಿತು, ತನ್ನವರ ವಾಸನೆಯಲ್ಲ ಎಂದು ತಿಳಿದು ಹಿಂದೆ ಸರಿದು ಕುಂಯ್ ಎಂದಿತು. ಎರಡು ದಿನ ತಟ್ಟೆ ಮುಟ್ಟಲಿಲ್ಲ. ಆ ಪ್ರಯೋಗವನ್ನು ಮತ್ತೆಂದೂ ಮಾಡಲಾರೆ, ನೀವೂ ಮಾಡಬೇಡಿ. ಕುಕ್ಕರಿನ ಸೀಟಿಯನ್ನು ಮೊಬೈಲಿನಲ್ಲಿ ಹಾಕಿ ಕೇಳಿಸುವುದು ನನ್ನ ಇನ್ನೊಂದು ಪ್ರಯೋಗ. ಡೊಂಬಿವಲಿಯಲ್ಲಿ ಒಂದು ಪಗ್ ಅದಕ್ಕೇ ಒಲಿದು ಬಂದಿತ್ತು, ಹಸ್ಕಿ ತಿರುಗಿಯೂ ನೋಡಲಿಲ್ಲ.

ಹನ್ನೊಂದನೆಯ ಬೆಳಿಗ್ಗೆ ಮಳೆ ಸುರಿಯುತ್ತಿತ್ತು. ಬೆನ್ನಿಗೆ ಏನೋ ಒರಗಿದಂತಾಯಿತು. ಒದ್ದೆ ಮೈ, ಬಿಸಿ ಉಸಿರು. ಕಾಲು ಗಂಟೆ ಅಲ್ಲಾಡದೆ ಕುಳಿತು ಆಮೇಲೆ ಕುತ್ತಿಗೆಗೆ ಹಗ್ಗ ಹಾಕಿದೆ.

ಖರ್ಚು ಆಮೇಲಿನದು. ಉಣ್ಣಿ ಜ್ವರ. ಎರಡು ಲಕ್ಷ ಇರಬೇಕಾದ ಪ್ಲೇಟ್‌ಲೆಟ್ 40 ಸಾವಿರದ ಆಸುಪಾಸು. ಡಾಕ್ಸಿಸೈಕ್ಲಿನ್ ಔಷಧಿ ನಾಲ್ಕು ವಾರ. ಅದು ಚೇತರಿಸಿದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಗರ್ಭಕೋಶದಲ್ಲಿ ಕೀವು. ಎಲ್ಲ ಸೇರಿ 38 ಸಾವಿರದಷ್ಟಾಯಿತು. ಚೀಟಿ ಹಣವನ್ನು ನಷ್ಟಕ್ಕೇ ಕೂಗಿ ಎತ್ತಿದೆ. ಬಿಟ್ಟುಹೋದವರ ಮೇಲೆ ದೂರು ಕೊಡಲು ಹೋದರೆ ಪೊಲೀಸರು ಕಾಗದ ತೆಗೆದುಕೊಳ್ಳಲೂ ಮನಸ್ಸು ಮಾಡಲಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕೆ ದಂಡವೇ 10ರಿಂದ 50 ರೂಪಾಯಿ. ನಮ್ಮ ಹೋಟೆಲಿನ ಮಸಾಲೆ ದೋಸೆಗೆ ಅದಕ್ಕಿಂತ ಹೆಚ್ಚು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಇಂಥ ನಾಯಿಗಳಿಗೆ ಮನೆ ಹುಡುಕುವಾಗ ನಾನು ಸಾಕುವವರಿಂದ 5,000 ರೂಪಾಯಿ ಠೇವಣಿ ಕೇಳುತ್ತೇನೆ, ಆರು ತಿಂಗಳ ನಂತರ ಹಿಂದಿರುಗಿಸುತ್ತೇನೆ. ‘ಬೇಡವಾದ ನಾಯಿಗೆ ದುಡ್ಡು ಯಾರು ಕೊಡುತ್ತಾರೆ?’ ಎಂದು ನಕ್ಕವರೇ ಹೆಚ್ಚು. ಈವರೆಗೆ ಮೂವತ್ತಕ್ಕೂ ಹೆಚ್ಚು ನಾಯಿಗಳಿಗೆ ಮನೆ ಸಿಕ್ಕಿದೆ, ಮರಳಿ ಬಂದದ್ದು ಎರಡೇ. ಗುಂಪಿನಲ್ಲಿ ಬೇರೆ ಯಾರಿಗೂ ಈ ಲೆಕ್ಕ ಇಲ್ಲ.

ಆರೆಯ ಆ ನಾಯಿಗೆ ಈಗ ಗೌರಿ ಎಂದು ಹೆಸರು. ಅವಳು ಬೊರಿವಲಿಯಲ್ಲಿ ಕುಂದಾಪುರ ಕಡೆಯ ನಿವೃತ್ತ ದಂಪತಿಯ ಮನೆಯಲ್ಲಿದ್ದಾಳೆ. ತಟ್ಟೆಯ ಸದ್ದಿಗೆ ಅಡುಗೆಮನೆಯ ಬಾಗಿಲಿಗೆ ಬರುತ್ತಾಳೆ. ಕಾರಿನ ಬಾಗಿಲು ತೆರೆದರೆ ಮಾತ್ರ ಇಂದಿಗೂ ನಡುಗುತ್ತಾಳೆ. ಹಾಗಾಗಿ ಮನೆಯಲ್ಲಿ ಕಾರಿದ್ದರೂ ಲಸಿಕೆಗೆ ರಿಕ್ಷಾದಲ್ಲೇ ಕರೆದೊಯ್ಯುತ್ತಾರೆ.