ಇಸ್ರೇಲ್–ಪ್ಯಾಲೆಸ್ತೀನ್ ಮಾತುಕತೆ: ಟಿವಿಯಲ್ಲಿ ಹೇಳುವ ಇತಿಹಾಸವನ್ನು ಪರೀಕ್ಷಿಸುವುದು ಹೇಗೆ

ಇಸ್ರೇಲ್ ಮತ್ತು ಪ್ಯಾಲೆಸ್ತೀನ್ ಬಗ್ಗೆ ಚರ್ಚೆ ಶುರುವಾದರೆ ಸಾಕು, ಎರಡು ಮಾತುಗಳಲ್ಲಿ ಒಂದು ಬಂದೇ ಬರುತ್ತದೆ. "ಪ್ಯಾಲೆಸ್ತೀನಿಯರಿಗೆ ಎಷ್ಟು ಸಲ ದೇಶ ಕೊಡ್ತೀವಿ ಅಂದರೂ ಅವರೇ ಬೇಡ ಅಂದರು" ಅನ್ನುವುದು ಒಂದು. "ಇಸ್ರೇಲ್ ಯಾವತ್ತೂ ಏನನ್ನೂ ಕೊಡಲು ತಯಾರಿರಲಿಲ್ಲ, ಎಲ್ಲ ಬರೀ ನಾಟಕ" ಅನ್ನುವುದು ಇನ್ನೊಂದು. ಎರಡೂ ಚಿಕ್ಕ ಮಾತುಗಳು, ಹಾಗಾಗಿ ಕೇಳಿದವರ ತಲೆಯಲ್ಲಿ ಉಳಿದುಬಿಡುತ್ತವೆ. ಎರಡರಲ್ಲೂ ಒಂದೇ ಒಂದು ತಾರೀಖು ಇಲ್ಲ, ಗಮನಿಸಿದ್ದೀರಾ? ಈ ವಿಷಯದಲ್ಲಿ ಇತಿಹಾಸ ಕೆಡುವುದು ನೇರವಾದ ಸುಳ್ಳಿನಿಂದ ಕಡಿಮೆ, ತಾರೀಖುಗಳನ್ನು ಕಿತ್ತುಹಾಕುವುದರಿಂದ ಜಾಸ್ತಿ. ಹಾಗಾಗಿ ನೀವು ಮಾಡಬೇಕಾದ ಮುಖ್ಯ ಕೆಲಸ, ಕಿತ್ತುಹಾಕಿದ ತಾರೀಖುಗಳನ್ನು ವಾಪಸ್ ಅವುಗಳ ಜಾಗದಲ್ಲಿ ಇಡುವುದು.

ಮೊದಲು, ಯಾವ ಸಭೆಯ ಮಾತು ಅಂತ ಕೇಳಿ. "ಕ್ಯಾಂಪ್ ಡೇವಿಡ್" ಅಮೆರಿಕದ ಅಧ್ಯಕ್ಷರ ವಿಶ್ರಾಂತಿ ತಾಣ, ಅಲ್ಲಿ ಎರಡು ಬೇರೆ ಬೇರೆ ಮಾತುಕತೆಗಳು ನಡೆದಿವೆ. 1978ರದ್ದು ಈಜಿಪ್ಟ್ ಮತ್ತು ಇಸ್ರೇಲ್ ನಡುವಿನದು. ಈಜಿಪ್ಟ್ ಅಧ್ಯಕ್ಷ ಸಾದತ್ ಮತ್ತು ಇಸ್ರೇಲ್ ಪ್ರಧಾನಿ ಬೆಗಿನ್ ಅವರನ್ನು ಅಮೆರಿಕದ ಅಧ್ಯಕ್ಷ ಕಾರ್ಟರ್ ಕೂರಿಸಿ ಮಾತಾಡಿಸಿದರು, ಮರುವರ್ಷ ಒಪ್ಪಂದವಾಯಿತು, 1967ರಲ್ಲಿ ಇಸ್ರೇಲ್ ಹಿಡಿದಿದ್ದ ಸಿನಾಯ್ ಪ್ರದೇಶ ಈಜಿಪ್ಟ್‌ಗೆ ವಾಪಸ್ ಹೋಯಿತು. ಆ ಸಭೆಗೆ ಪ್ಯಾಲೆಸ್ತೀನಿಯರ ಪ್ರತಿನಿಧಿಗಳು ಬಂದಿರಲೇ ಇಲ್ಲ. ಎರಡನೆಯದು 2000ದ ಜುಲೈನಲ್ಲಿ, ಅಮೆರಿಕದ ಅಧ್ಯಕ್ಷ ಕ್ಲಿಂಟನ್, ಇಸ್ರೇಲ್ ಪ್ರಧಾನಿ ಬರಾಕ್ ಮತ್ತು ಪ್ಯಾಲೆಸ್ತೀನ್ ನಾಯಕ ಅರಾಫತ್ ಸೇರಿದ್ದು. ಜಗಳವೆಲ್ಲ ಇರುವುದು ಈ ಎರಡನೆಯದರ ಬಗ್ಗೆ.

ಇದೇ ಸಭೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ, ಯಾಕೆಂದರೆ ಅತಿ ಹೆಚ್ಚು ಕತ್ತರಿ ಆಡಿರುವುದು ಇಲ್ಲೇ. ಸಾಮಾನ್ಯವಾಗಿ ಕೇಳುವ ಕಥೆ ಹೀಗಿರುತ್ತದೆ: ಬರಾಕ್ ಎಲ್ಲ ಕೊಟ್ಟರು, ಅರಾಫತ್ ಬೇಡ ಅಂದು ಎದ್ದು ಹೋದರು, ಹೋಗಿ ಇಂತಿಫಾದ, ಅಂದರೆ ಇಸ್ರೇಲ್ ವಿರುದ್ಧ ಪ್ಯಾಲೆಸ್ತೀನಿಯರ ದಂಗೆ, ಶುರು ಮಾಡಿದರು. ಈಗ ತಾರೀಖು ಹಾಕಿ ನೋಡಿ. ಸಭೆ ಜುಲೈ 25ಕ್ಕೆ ಮುಗಿಯಿತು. ಮಾತುಕತೆ ಮುಗಿಯಲಿಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲೂ ಎರಡೂ ಕಡೆಯವರು ಭೇಟಿಯಾಗುತ್ತಲೇ ಇದ್ದರು, ಸೆಪ್ಟೆಂಬರ್ 25ರಂದು ಬರಾಕ್ ತಮ್ಮ ಮನೆಗೇ ಅರಾಫತ್ ಅವರನ್ನು ಊಟಕ್ಕೆ ಕರೆದಿದ್ದರು. ಮೂರು ದಿನದ ನಂತರ, 28ರಂದು, ಆಗ ವಿರೋಧ ಪಕ್ಷದ ನಾಯಕರಾಗಿದ್ದ ಶರೋನ್ ನೂರಾರು ಪೊಲೀಸರ ಜೊತೆ ಜೆರುಸಲೇಂನ ಮುಸ್ಲಿಮರಿಗೂ ಯಹೂದಿಗಳಿಗೂ ಪವಿತ್ರವಾದ ಅಲ್ ಅಕ್ಸಾ ಆವರಣಕ್ಕೆ ಹೋದರು. ಮರುದಿನ ಪ್ರತಿಭಟನೆ ನಡೆಯಿತು, ಗುಂಡು ಹಾರಿತು, ಜನ ಸತ್ತರು. ಅಲ್ಲಿಂದ ಹಿಂಸೆ ನಿಲ್ಲಲೇ ಇಲ್ಲ. ಇದನ್ನು ವಿಚಾರಿಸಿದ, ಅಮೆರಿಕದ ಮಾಜಿ ಸೆನೆಟರ್ ಮಿಚೆಲ್ ನೇತೃತ್ವದ ಸಮಿತಿ 2001ರಲ್ಲಿ ವರದಿ ಕೊಟ್ಟಿತು. ಶರೋನ್ ಭೇಟಿಯೇ ಇಂತಿಫಾದಕ್ಕೆ ಕಾರಣ ಅಂತ ಅದು ಹೇಳಲಿಲ್ಲ, ಪ್ಯಾಲೆಸ್ತೀನ್ ಆಡಳಿತ ಮೊದಲೇ ಯೋಜನೆ ಹಾಕಿ ಹಿಂಸೆ ಶುರು ಮಾಡಿತು ಅನ್ನುವುದಕ್ಕೂ ಆಧಾರ ಸಿಗಲಿಲ್ಲ ಅಂದಿತು. ಎರಡೂ ಕಡೆಯ ಟಿವಿ ವಕ್ತಾರರು ತಮಗೆ ಬೇಕಾದ ಅರ್ಧವನ್ನಷ್ಟೇ ಓದುತ್ತಾರೆ. ನೀವು ಎರಡೂ ಅರ್ಧ ಓದಿ.

ಅಷ್ಟಕ್ಕೇ ನಿಲ್ಲಬೇಡಿ, ಮುಂದಿನ ತಾರೀಖುಗಳೂ ಬೇಕು. ಡಿಸೆಂಬರ್ 23ರಂದು ಕ್ಲಿಂಟನ್ ಎರಡೂ ಕಡೆಯವರನ್ನು ಕೂರಿಸಿ ಒಪ್ಪಂದಕ್ಕೆ ತಮ್ಮ ಚೌಕಟ್ಟನ್ನು ಓದಿ ಹೇಳಿದರು. 1967ರ ಯುದ್ಧದಲ್ಲಿ ಇಸ್ರೇಲ್ ಹಿಡಿದ ವೆಸ್ಟ್ ಬ್ಯಾಂಕ್‌ನ ಶೇ 94ರಿಂದ 96ರಷ್ಟು ಪ್ಯಾಲೆಸ್ತೀನ್‌ಗೆ, ಜೊತೆಗೆ ಶೇ 1ರಿಂದ 3ರಷ್ಟು ಜಾಗದ ಅದಲುಬದಲು. ಇಸ್ರೇಲ್ ಸಂಪುಟ ಕೆಲವು ಆಕ್ಷೇಪಗಳ ಜೊತೆ ಒಪ್ಪಿತು. ಅರಾಫತ್ ತಡ ಮಾಡಿದರು, 2001ರ ಜನವರಿ 2ರಂದು ವಾಷಿಂಗ್ಟನ್‌ಗೆ ಬಂದು ತಮ್ಮ ಆಕ್ಷೇಪಗಳನ್ನು ಹೇಳಿದರು. ಅವರ ಆಕ್ಷೇಪಗಳು ಚೌಕಟ್ಟಿನ ಹೊರಗೇ ಇದ್ದವು, ಅಂದರೆ ಅದು ಒಪ್ಪಿಗೆಯೇ ಅಲ್ಲ ಅಂತ ಅಮೆರಿಕದ ಸಂಧಾನಕಾರ ಡೆನಿಸ್ ರಾಸ್ ವಾದಿಸುತ್ತಾರೆ. ಇದನ್ನು ಅರಾಫತ್ ಪರ ಇರುವವರು ನುಂಗಿಬಿಡುತ್ತಾರೆ. ಅವರ ವಿರುದ್ಧ ಇರುವವರು ಇದರ ಮುಂದಿನದನ್ನು ನುಂಗುತ್ತಾರೆ: ಜನವರಿ ಕೊನೆಯಲ್ಲಿ ಈಜಿಪ್ಟ್‌ನ ತಾಬಾದಲ್ಲಿ ಎರಡೂ ಕಡೆಯವರು ಮತ್ತೆ ಕೂತರು, ಒಪ್ಪಂದಕ್ಕೆ ಇಷ್ಟು ಹತ್ತಿರ ಯಾವತ್ತೂ ಬಂದಿರಲಿಲ್ಲ ಎಂದು ಜಂಟಿ ಹೇಳಿಕೆ ಕೊಟ್ಟರು. ಇಸ್ರೇಲ್‌ನಲ್ಲಿ ಚುನಾವಣೆ ಎದುರಿಗಿತ್ತು. ಫೆಬ್ರುವರಿ 6ರಂದು ಶರೋನ್ ಗೆದ್ದರು, ತಾಬಾ ಮಾತುಕತೆ ಮತ್ತೆ ಮುಂದುವರಿಯಲಿಲ್ಲ. ಆರು ತಿಂಗಳ ಕಥೆಯನ್ನು "ಎದ್ದು ಹೋದರು" ಅನ್ನುವ ಎರಡು ಪದಕ್ಕೆ ಇಳಿಸಿದರೆ ಏನೇನು ಕಳೆದುಹೋಗುತ್ತದೆ ನೋಡಿ.

ಎರಡನೇ ಕೆಲಸ, ಕಾಗದದಲ್ಲಿ ಏನಿದೆ ಅಂತ ನೋಡುವುದು. 1993ರ ಓಸ್ಲೊ ಒಪ್ಪಂದ ಪ್ಯಾಲೆಸ್ತೀನ್‌ಗೆ ದೇಶ ಕೊಟ್ಟಿತ್ತು ಅಂತ ಯಾರಾದರೂ ಹೇಳಿದರೆ ಒಪ್ಪಂದವನ್ನೇ ತೆಗೆದು ಓದಿ. ಯೇಲ್ ವಿಶ್ವವಿದ್ಯಾಲಯದ ಅವಲಾನ್ ಪ್ರಾಜೆಕ್ಟ್‌ನಲ್ಲಿ ಇದೆ, ಉದ್ದವೂ ಇಲ್ಲ. ಪ್ಯಾಲೆಸ್ತೀನ್ ದೇಶ ಆಗುತ್ತದೆ ಅನ್ನುವ ಮಾತು ಅದರಲ್ಲಿ ಇಲ್ಲ. ಐದು ವರ್ಷದ ಮಧ್ಯಂತರ ಆಡಳಿತ ಇದೆ. ಜೆರುಸಲೇಂ, ನಿರಾಶ್ರಿತರು, ಇಸ್ರೇಲ್ ಹಿಡಿದ ಜಾಗದಲ್ಲಿ ಕಟ್ಟಿದ ಯಹೂದಿ ವಸಾಹತುಗಳು, ಭದ್ರತೆ, ಗಡಿ ಎಲ್ಲವನ್ನೂ ಆಮೇಲೆ ನೋಡೋಣ ಅಂತ ಮುಂದೂಡಿದ್ದಾರೆ. ಸಹಿಗೆ ಮುಂಚೆ ಬರೆದ ಪತ್ರಗಳನ್ನೂ ಓದಿ. ಇಸ್ರೇಲ್‌ಗೆ ಶಾಂತಿಯಿಂದ ಬದುಕುವ ಹಕ್ಕಿದೆ ಎಂದು ಅರಾಫತ್ ಬರೆದುಕೊಟ್ಟರು. ಆಗಿನ ಇಸ್ರೇಲ್ ಪ್ರಧಾನಿ ರಬಿನ್ ಒಪ್ಪಿದ್ದು ಅರಾಫತ್ ನೇತೃತ್ವದ ಪಿಎಲ್ಒ ಸಂಘಟನೆ ಪ್ಯಾಲೆಸ್ತೀನ್ ಜನರ ಪ್ರತಿನಿಧಿ ಅನ್ನುವುದನ್ನು ಮಾತ್ರ. ತಾವು ಬಯಸುವುದು ಪೂರ್ತಿ ದೇಶಕ್ಕಿಂತ ಕಡಿಮೆಯ ಒಂದು ವ್ಯವಸ್ಥೆ ಎಂದು 1995ರ ಅಕ್ಟೋಬರ್‌ನಲ್ಲಿ ರಬಿನ್ ಸಂಸತ್ತಿನಲ್ಲಿ ಹೇಳಿದ್ದರು. ಒಂದು ತಿಂಗಳಲ್ಲಿ ಅವರ ಕೊಲೆಯಾಯಿತು.

ಕಾಗದವೇ ಇಲ್ಲದ ಕಡೆ ಜಾಸ್ತಿ ಎಚ್ಚರ ಬೇಕು. 2000ದ ಕ್ಯಾಂಪ್ ಡೇವಿಡ್‌ನಲ್ಲಿ ಇಸ್ರೇಲ್‌ನ ಪ್ರಸ್ತಾಪ ಪೂರ್ತಿಯಾಗಿ ಬರಹದಲ್ಲಿ ಪ್ಯಾಲೆಸ್ತೀನಿಯರ ಕೈಗೆ ಬರಲಿಲ್ಲ, ಬಹಳಷ್ಟು ಬಾಯಿಮಾತಿನಲ್ಲೇ ನಡೆಯಿತು. ಅರಾಫತ್ ತಮ್ಮದೇ ಆದ ಪರ್ಯಾಯ ಪ್ರಸ್ತಾಪ ಇಡಲಿಲ್ಲ ಅನ್ನುವ ದೂರೂ ಇದೆ. ಅಮೆರಿಕದ ತಂಡದಲ್ಲೇ ಇದ್ದ ರಾಸ್ ಮತ್ತು ರಾಬರ್ಟ್ ಮ್ಯಾಲಿ ಇಬ್ಬರೂ ಒಂದೇ ಸಭೆಯ ಬಗ್ಗೆ ಬೇರೆ ಬೇರೆ ಕಥೆ ಹೇಳುತ್ತಾರೆ. ಒಳಗೆ ಕೂತಿದ್ದವರೇ ಒಪ್ಪದ ವಿಷಯವನ್ನು ಸ್ಟುಡಿಯೋದಲ್ಲಿ ಕೂತವರು ಅನುಮಾನವೇ ಇಲ್ಲದೆ ಹೇಳಿದರೆ ನಂಬಬೇಡಿ. ತಾಬಾದ ವಿಷಯದಲ್ಲಿ ಪರವಾಗಿಲ್ಲ, ಯುರೋಪಿನ ಪ್ರತಿನಿಧಿ ಮೊರಾಟಿನೋಸ್ ಬರೆದಿಟ್ಟ ಟಿಪ್ಪಣಿ ಇದೆ, ಎರಡೂ ಕಡೆಯವರು ಅದು ಹೆಚ್ಚುಕಡಿಮೆ ಸರಿ ಅಂದಿದ್ದಾರೆ.

ಇನ್ನು ಶೇಕಡಾ ಲೆಕ್ಕ. "ಶೇ 95 ಕೊಟ್ಟರೂ ಬೇಡ ಅಂದರು" ಅಂದಾಗ ಕೇಳಬೇಕಾದ ಪ್ರಶ್ನೆ, ಯಾವುದರಲ್ಲಿ 95? ಇಸ್ರೇಲ್ ಲೆಕ್ಕ ಹಾಕುವಾಗ ಪೂರ್ವ ಜೆರುಸಲೇಂ, ಮೃತ ಸಮುದ್ರದ ನೀರಿನ ಭಾಗ ಮತ್ತು ಲತ್ರುನ್ ಹತ್ತಿರದ ಜಾಗವನ್ನು ವೆಸ್ಟ್ ಬ್ಯಾಂಕ್‌ಗೆ ಸೇರಿಸುವುದಿಲ್ಲ, ಪ್ಯಾಲೆಸ್ತೀನಿಯರು ಸೇರಿಸುತ್ತಾರೆ. ಹಾಗಾಗಿ ಒಂದೇ ನಕ್ಷೆ ಒಬ್ಬರಿಗೆ ಶೇ 91, ಇನ್ನೊಬ್ಬರಿಗೆ ಸುಮಾರು 86. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಭಾಗಿಸುವ ಸಂಖ್ಯೆ ಬೇರೆ ಅಷ್ಟೇ. ಇನ್ನೊಂದು ಮಾತೂ ಇದೆ. ವೆಸ್ಟ್ ಬ್ಯಾಂಕ್ ಮತ್ತು ಗಾಜಾ ಸೇರಿದರೆ ಬ್ರಿಟಿಷರ ಕಾಲದ ಪ್ಯಾಲೆಸ್ತೀನ್‌ನ ಸುಮಾರು ಶೇ 22 ಮಾತ್ರ. 1988ರಲ್ಲೇ ಅಷ್ಟಕ್ಕೆ ಒಪ್ಪಿ ದೊಡ್ಡ ರಾಜಿ ಮಾಡಿಕೊಂಡಿದ್ದೇವೆ, ಇನ್ನೂ ಕತ್ತರಿಸಬೇಡಿ ಅನ್ನುವುದು ಪ್ಯಾಲೆಸ್ತೀನ್ ವಾದ. 1947ರಲ್ಲಿ ವಿಶ್ವಸಂಸ್ಥೆಯ ವಿಭಜನೆಯನ್ನು ನಾವು ಒಪ್ಪಿದೆವು, ಅರಬರು ಒಪ್ಪದೆ ಯುದ್ಧಕ್ಕೆ ಬಂದರು, ಹಾಗಿರುವಾಗ ಹಳೆಯ ನಕ್ಷೆ ತೋರಿಸಿ ಲೆಕ್ಕ ಕೇಳುವುದು ಸರಿಯಲ್ಲ ಅನ್ನುವುದು ಇಸ್ರೇಲ್ ವಾದ. ನೀವು ಯಾರ ಪರ ಇದ್ದರೂ ಸರಿ, ಸಂಖ್ಯೆ ಹೇಳುವವರು ಎಲ್ಲಿಂದ ಎಣಿಸುತ್ತಿದ್ದಾರೆ ಅನ್ನುವುದನ್ನು ತಿಳಿದುಕೊಂಡೇ ಮುಂದೆ ಹೋಗಿ.

"ಪ್ಯಾಲೆಸ್ತೀನಿಯರು", "ಇಸ್ರೇಲಿಗಳು" ಅಂತ ಇಡೀ ಜನರನ್ನು ಒಂದೇ ಬಾಯಿ ಮಾಡುವುದನ್ನೂ ಹಿಡಿಯಿರಿ. ಓಸ್ಲೊ ಒಪ್ಪಂದವನ್ನು ಪ್ಯಾಲೆಸ್ತೀನಿಯರ ಇಸ್ಲಾಮಿ ಸಂಘಟನೆ ಹಮಾಸ್ ಮೊದಲಿಂದಲೂ ವಿರೋಧಿಸಿತು. ಇಸ್ರೇಲಿನ ಬಲಪಂಥೀಯ ಲಿಕುಡ್ ಪಕ್ಷವೂ ವಿರೋಧಿಸಿತು. 1995ರ ಎರಡನೇ ಓಸ್ಲೊ ಒಪ್ಪಂದ ಇಸ್ರೇಲ್ ಸಂಸತ್ತಿನಲ್ಲಿ ದಾಟಿದ್ದು 61–59 ಮತಗಳಿಂದ. 1994ರ ಫೆಬ್ರುವರಿಯಲ್ಲಿ ಹೆಬ್ರಾನ್‌ನಲ್ಲಿ ಒಬ್ಬ ಯಹೂದಿ ವಸಾಹತು ನಿವಾಸಿ ಪ್ರಾರ್ಥನೆಯಲ್ಲಿದ್ದ 29 ಮುಸ್ಲಿಮರನ್ನು ಕೊಂದ. ಏಪ್ರಿಲ್‌ನಲ್ಲಿ ಅಫುಲಾದಲ್ಲಿ ಹಮಾಸ್‌ನ ಆತ್ಮಾಹುತಿ ದಾಳಿ ನಡೆಯಿತು, ಅಕ್ಟೋಬರ್‌ನಲ್ಲಿ ಟೆಲ್ ಅವಿವ್ ಬಸ್ ಸ್ಫೋಟದಲ್ಲಿ 22 ಜನ ಸತ್ತರು. ಇದರಲ್ಲಿ ಒಂದು ಕಡೆಯ ಶವಗಳನ್ನು ಮಾತ್ರ ಎಣಿಸುವವರು ಇತಿಹಾಸ ಹೇಳುತ್ತಿಲ್ಲ, ಸತ್ತವರಿಗೂ ಅನ್ಯಾಯ ಮಾಡುತ್ತಿದ್ದಾರೆ.

ಗಾಜಾವನ್ನು ಶಾಂತಿ ಒಪ್ಪಂದದಲ್ಲಿ ಬಿಟ್ಟುಕೊಟ್ಟರು ಅನ್ನುವುದೂ ಸರಿಯಲ್ಲ. 2005ರಲ್ಲಿ ಶರೋನ್ ಯಾವ ಒಪ್ಪಂದವೂ ಇಲ್ಲದೆ ತಾವಾಗಿಯೇ ಅಲ್ಲಿನ 21 ವಸಾಹತುಗಳನ್ನು ತೆರವು ಮಾಡಿಸಿದರು. ತೆರವು ನಿಜ. ಆಕಾಶ ಮತ್ತು ಸಮುದ್ರದ ಹಿಡಿತ ಇಸ್ರೇಲ್ ಕೈಯಲ್ಲೇ ಉಳಿದದ್ದೂ ನಿಜ. ಹಮಾಸ್ 2007ರಲ್ಲಿ ಪ್ರತಿಸ್ಪರ್ಧಿ ಪ್ಯಾಲೆಸ್ತೀನ್ ಪಕ್ಷ ಫತಾವನ್ನು ಬಲದಿಂದ ಹೊರಹಾಕಿ ಗಾಜಾ ಹಿಡಿದದ್ದೂ ನಿಜ.

ಈಗ ನೀವೇ ಒಂದನ್ನು ಪರೀಕ್ಷಿಸಿ. "2008ರಲ್ಲಿ ಓಲ್ಮರ್ಟ್ ಎಲ್ಲ ಕೊಟ್ಟರು, ಅಬ್ಬಾಸ್ ಬೇಡ ಅಂದರು." ಓಲ್ಮರ್ಟ್ ಆಗ ಇಸ್ರೇಲ್ ಪ್ರಧಾನಿ, ಅಬ್ಬಾಸ್ ಪ್ಯಾಲೆಸ್ತೀನ್ ಆಡಳಿತದ ಅಧ್ಯಕ್ಷ. ಯಾವ ಸಭೆ? ಸೆಪ್ಟೆಂಬರ್ 16ರದ್ದು. ಶೇಕಡಾ ಎಷ್ಟು? ಓಲ್ಮರ್ಟ್ ಹೇಳುವಂತೆ ವೆಸ್ಟ್ ಬ್ಯಾಂಕ್‌ನ ಶೇ 6.3 ಇಸ್ರೇಲ್‌ಗೆ, ಬದಲಿಗೆ ಶೇ 5.8ಕ್ಕೆ ಸಮನಾದ ಜಾಗ ಪ್ಯಾಲೆಸ್ತೀನ್‌ಗೆ. ಇದು ಸಣ್ಣ ಪ್ರಸ್ತಾಪ ಅಲ್ಲವೇ ಅಲ್ಲ, ನಾಟಕ ಅನ್ನುವವರು ಇದಕ್ಕೆ ಉತ್ತರ ಕೊಡಬೇಕು. ಕಾಗದ? ನಕ್ಷೆ ತೋರಿಸಿದರು, ಪ್ರತಿ ಕೊಡಲಿಲ್ಲ. ಹಿಂದೆ ಮುಂದೆ ಏನಾಯಿತು? ಭ್ರಷ್ಟಾಚಾರದ ತನಿಖೆಯಿಂದಾಗಿ ಪ್ರಧಾನಿ ಪದವಿ ಬಿಡುತ್ತೇನೆಂದು ಓಲ್ಮರ್ಟ್ ಜುಲೈನಲ್ಲೇ ಹೇಳಿಯಾಗಿತ್ತು, ಸಭೆಯಾಗಿ ಐದು ದಿನಕ್ಕೆ ರಾಜೀನಾಮೆ ಕೊಟ್ಟರು, ಡಿಸೆಂಬರ್‌ನಲ್ಲಿ ಗಾಜಾ ಯುದ್ಧ ಶುರುವಾಯಿತು. ಯಾರು ಏನೆಂದರು? ನಕ್ಷೆಯನ್ನು ಸರಿಯಾಗಿ ನೋಡಲು ಕೊಡದ್ದರಿಂದ ತಾನು ಒಪ್ಪಲಿಲ್ಲ ಎಂದು ಅಬ್ಬಾಸ್ 2015ರಲ್ಲಿ ಇಸ್ರೇಲ್ ಟಿವಿಗೇ ಹೇಳಿದರು. ಆದರೂ 2020ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಅದೇ ಅಬ್ಬಾಸ್ ಪಕ್ಕದಲ್ಲಿ ಕೂತು, ಶಾಂತಿ ಮಾತುಕತೆಗೆ ಇವರೇ ತಕ್ಕ ಜೊತೆಗಾರ ಅಂದವರು ಓಲ್ಮರ್ಟ್. ಮುಂದಿನ ಚರ್ಚೆಯಲ್ಲಿ 2008ರ ಹೆಸರು ಬಂದಾಗ ಈ ಸಂಗತಿಗಳಲ್ಲಿ ಯಾವುದನ್ನು ಹೇಳಿದರು, ಯಾವುದನ್ನು ಬಿಟ್ಟರು ಅಂತ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಗುರುತು ಹಾಕುತ್ತಾ ಹೋಗಿ.