ಬೆಳವಣಿಗೆ ಹಾರ್ಮೋನು ಏರಿಸುವ ಪುಡಿ: ಪರೀಕ್ಷೆ ಮಾಡುವುದು ಹೇಗೆ?

ತುಮಕೂರಿನಲ್ಲಿರುವ ನಮ್ಮ ದೊಡ್ಡಪ್ಪನಿಗೆ ಈಗ 68. ಕಳೆದ ತಿಂಗಳು ಮನೆಗೆ ಬಂದವರೇ ಜೇಬಿನಿಂದ ಎರಡು ಲ್ಯಾಬ್ ರಿಪೋರ್ಟ್ ತೆಗೆದು ಮೇಜಿನ ಮೇಲೆ ಹರಡಿದರು. "ನೋಡಮ್ಮ, ಪುಡಿ ಶುರು ಮಾಡೋಕೆ ಮುಂಚೆ 0.2 ಇತ್ತು. ಮೂರು ವಾರ ತಗೊಂಡ ಮೇಲೆ 1.8. ಒಂಬತ್ತು ಪಟ್ಟು!" ವಯಸ್ಸಾದವರಲ್ಲಿ ಬೆಳವಣಿಗೆ ಹಾರ್ಮೋನು ಹೆಚ್ಚಿಸುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಲ್ಯಾಬಿನಲ್ಲಿ ವರ್ಷಗಟ್ಟಲೆ ರಕ್ತದ ಮಾದರಿಗಳೊಂದಿಗೇ ಕೂತವಳು ನಾನು. ಎರಡೂ ಅಂಕಿಗಳಲ್ಲಿ ತಪ್ಪಿರಲಿಲ್ಲ. ಆದರೆ ಪುಡಿ ಕೆಲಸ ಮಾಡಿತೋ ಇಲ್ಲವೋ ಎನ್ನುವುದು ಅವುಗಳಿಂದ ಗೊತ್ತಾಗುವಂತಿರಲಿಲ್ಲ. ಹಾಗಾದರೆ ಗೊತ್ತುಮಾಡಿಕೊಳ್ಳುವುದು ಹೇಗೆ? ಆ ಸಂಜೆ ಅವರಿಗೆ ಹೇಳಿದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಮೊದಲು ಡಬ್ಬಿ ತಿರುಗಿಸಿ

ಒಳಗೆ ಏನಿದೆ, ಎಷ್ಟು ಗ್ರಾಂ ಇದೆ ಎಂಬುದನ್ನು ಓದಿ. ಹಾರ್ಮೋನೇ ಇದೆ ಎಂದು ಹೇಳಿಕೊಳ್ಳುವ ಮಾತ್ರೆಯಾದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬಹುದು. ಬೆಳವಣಿಗೆ ಹಾರ್ಮೋನು 191 ಅಮೈನೊ ಆಮ್ಲಗಳನ್ನು ಪೋಣಿಸಿದ ಪ್ರೋಟೀನು. ಬಾಯಿಂದ ನುಂಗಿದರೆ ಬೇಳೆಯಂತೆ ಅದೂ ಜೀರ್ಣವಾಗಿ ಹೋಗುತ್ತದೆ. ವೈದ್ಯರು ಅದನ್ನು ಇಂಜೆಕ್ಷನ್ ಮೂಲಕವೇ ಕೊಡುವುದು ಇದಕ್ಕಾಗಿ.

ಹೆಚ್ಚಿನ ಡಬ್ಬಿಗಳಲ್ಲಿ ಇರುವುದು ಆರ್ಜಿನೀನ್, ಲೈಸೀನ್, ಆರ್ನಿಥೀನ್, ಗ್ಲುಟಮೀನ್‌ನಂಥ ಅಮೈನೊ ಆಮ್ಲಗಳು. ಇವುಗಳ ಹಿಂದೆ ನಿಜವಾದ ವಿಜ್ಞಾನದ ಎಳೆಯೊಂದಿದೆ. ಈ ಹಾರ್ಮೋನನ್ನು ಸ್ರವಿಸುವ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಸರಿಯಾಗಿದೆಯೇ ಎಂದು ನೋಡಲು ಆಸ್ಪತ್ರೆಯಲ್ಲಿ ಸುಮಾರು 30 ಗ್ರಾಂ ಆರ್ಜಿನೀನನ್ನು ಅರ್ಧ ಗಂಟೆಯಲ್ಲಿ ರಕ್ತನಾಳಕ್ಕೆ ಹರಿಸುತ್ತಾರೆ. ಆಗ ಹಾರ್ಮೋನು ಏರುತ್ತದೆ. ರಕ್ತನಾಳಕ್ಕೆ 30 ಗ್ರಾಂ ಹರಿಸುವುದಕ್ಕೂ ಹಾಲಿನಲ್ಲಿ ಒಂದು ಚಮಚ ಕದಡಿ ಕುಡಿಯುವುದಕ್ಕೂ ಬಹಳ ದೂರ. ಯಾವ ಅಂಶ ಎಷ್ಟಿದೆ ಎಂದು ಹೇಳದೆ ಬರೀ ‘ವಿಶೇಷ ಮಿಶ್ರಣ’ ಎಂದು ಬರೆದಿದ್ದರೆ ಆ ಡಬ್ಬಿಯನ್ನು ಯಾವ ಅಧ್ಯಯನದ ಜೊತೆಗೂ ಹೋಲಿಸಲಾಗದು. ನಾನಾದರೆ ಅಂಥದ್ದನ್ನು ಅಂಗಡಿಯಲ್ಲೇ ಬಿಟ್ಟು ಬರುತ್ತೇನೆ.

ಯಾರ ಮೇಲೆ ಪರೀಕ್ಷಿಸಬೇಕು?

ಡಬ್ಬಿ ಯಾರಿಗಾಗಿಯೋ ಅವರ ಮೇಲೆಯೇ. ಇದು ಎಷ್ಟು ಮುಖ್ಯ ಎಂಬುದಕ್ಕೆ ಆರ್ಜಿನೀನ್-ಲೈಸೀನ್ ಜೋಡಿಯೇ ಸಾಕ್ಷಿ. 1981ರಲ್ಲಿ ಇಟಲಿಯ ಸಂಶೋಧಕರು 15ರಿಂದ 20 ವರ್ಷದ ಹುಡುಗರಿಗೆ ಎರಡನ್ನೂ ತಲಾ 1,200 ಮಿಲಿಗ್ರಾಂ ಕೊಟ್ಟಾಗ ಹಾರ್ಮೋನು ಏರಿತು. 1993ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆರೋಗ್ಯವಂತ ಹಿರಿಯ ಗಂಡಸರಿಗೆ ಎರಡನ್ನೂ ತಲಾ 3 ಗ್ರಾಂನಂತೆ, ದಿನಕ್ಕೆ ಎರಡು ಸಲ, 14 ದಿನ ಕೊಟ್ಟರು. ಹಾರ್ಮೋನು ಏರಲಿಲ್ಲ. ಹುಡುಗರ ಫಲಿತಾಂಶವನ್ನು ತೋರಿಸಿ ಅಜ್ಜಂದಿರಿಗೆ ಪುಡಿ ಮಾರುವುದು ಸರಿಯಲ್ಲ.

ಪರೀಕ್ಷೆಗೆ ಬರುವವರ ವಯಸ್ಸು, ತೂಕ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಇತಿಹಾಸ ಎಲ್ಲವನ್ನೂ ಮೊದಲೇ ನೋಡಬೇಕು. ಬೊಜ್ಜು ಇದ್ದವರಲ್ಲಿ ಈ ಹಾರ್ಮೋನು ಹೇಗೂ ಕಡಿಮೆಯೇ ಇರುತ್ತದೆ. ನೈತಿಕ ಸಮಿತಿಯ ಒಪ್ಪಿಗೆ ಬೇಕು, ಪ್ರತಿಯೊಬ್ಬರಿಗೂ ಅವರ ಭಾಷೆಯಲ್ಲಿ ವಿವರಿಸಿ ಸಹಿ ಪಡೆಯಬೇಕು.

ಚೀಟಿ ಎತ್ತಿ ಎರಡು ಗುಂಪು ಮಾಡಿ

ಒಂದು ಗುಂಪಿಗೆ ನಿಜವಾದ ಪುಡಿ, ಇನ್ನೊಂದಕ್ಕೆ ಬಣ್ಣ, ರುಚಿ, ವಾಸನೆಯಲ್ಲಿ ಅದರಂತೆಯೇ ಇರುವ ಹುಸಿ ಪುಡಿ. ಯಾರು ಯಾವ ಗುಂಪು ಎಂಬುದನ್ನು ಚೀಟಿ ಎತ್ತಿದಂತೆ ಕಂಪ್ಯೂಟರ್ ನಿರ್ಧರಿಸಬೇಕು. ಕುಡಿಯುವವರಿಗೂ ಅಳೆಯುವವರಿಗೂ ಕೊನೆಯವರೆಗೆ ಗುಟ್ಟು ತಿಳಿಯಬಾರದು. ಯೌವನ ಮರಳುತ್ತಿದೆ ಎಂದು ನಂಬಿದ ಮನುಷ್ಯ ಬೆಳಿಗ್ಗೆ ಬೇಗ ಏಳುತ್ತಾನೆ, ವಾಕಿಂಗ್ ಹೋಗುತ್ತಾನೆ, ಚೆನ್ನಾಗಿ ನಿದ್ದೆ ಮಾಡುತ್ತಾನೆ. ಆ ಲಾಭವೆಲ್ಲ ಪುಡಿಯ ಖಾತೆಗೆ ಸೇರಿಬಿಡುತ್ತದೆ.

ಈ ಇಡೀ ವ್ಯಾಪಾರ ಬೆಳೆದದ್ದು ಹುಸಿ ಔಷಧದ ಗುಂಪೇ ಇಲ್ಲದ ಅಧ್ಯಯನವೊಂದರ ಮೇಲೆ. 1990ರಲ್ಲಿ ಅಮೆರಿಕದ ಡೇನಿಯಲ್ ರುಡ್‌ಮನ್ ಮತ್ತು ಸಂಗಡಿಗರು 61ರಿಂದ 81 ವರ್ಷದ 21 ಗಂಡಸರನ್ನು ಅಧ್ಯಯನ ಮಾಡಿದರು. ಹನ್ನೆರಡು ಮಂದಿಗೆ ಆರು ತಿಂಗಳು ಹಾರ್ಮೋನಿನ ಇಂಜೆಕ್ಷನ್, ಉಳಿದ ಒಂಬತ್ತು ಮಂದಿಗೆ ಏನೂ ಇಲ್ಲ. ಇಂಜೆಕ್ಷನ್ ಪಡೆದವರಲ್ಲಿ ಕೊಬ್ಬುರಹಿತ ದೇಹತೂಕ 8.8% ಏರಿತು, ಕೊಬ್ಬು 14.4% ಇಳಿಯಿತು. ಅದನ್ನು ಪ್ರಕಟಿಸಿದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ 2003ರಲ್ಲಿ, ಆ ಲೇಖನವನ್ನು ಮಾರಾಟದ ಜಾಹೀರಾತುಗಳು ದುರ್ಬಳಕೆ ಮಾಡುತ್ತಿವೆ ಎಂದು ಓದುಗರನ್ನು ಎಚ್ಚರಿಸಬೇಕಾಯಿತು. ಅಲ್ಲಿ ಕೊಟ್ಟದ್ದು ಇಂಜೆಕ್ಷನ್. ಜಾಹೀರಾತಿನಲ್ಲಿ ಮಾರಿದ್ದು ಮಾತ್ರೆ, ಪುಡಿ, ಸ್ಪ್ರೇ.

ರಕ್ತ ತೆಗೆಯುವಾಗ ಎಡವದಿರಿ

ದೊಡ್ಡಪ್ಪ ಎಡವಿದ್ದು ಇಲ್ಲೇ. ಈ ಹಾರ್ಮೋನು ದಿನವಿಡೀ ಒಂದೇ ಸಮನೆ ಹರಿಯುವುದಿಲ್ಲ. ಬಿಟ್ಟು ಬಿಟ್ಟು ಬರುವ ನಲ್ಲಿ ನೀರಿನಂತೆ ಅಲೆ ಅಲೆಯಾಗಿ ಬರುತ್ತದೆ. ದೊಡ್ಡ ಅಲೆ ಸಾಮಾನ್ಯವಾಗಿ ಮಲಗಿದ ಮೇಲೆ ಮೊದಲ ಗಾಢ ನಿದ್ದೆಯಲ್ಲಿ. ಎರಡು ಅಲೆಗಳ ನಡುವೆ ರಕ್ತದಲ್ಲಿ ಅದು ಇದೆಯೋ ಇಲ್ಲವೋ ಎನ್ನುವಷ್ಟು ಕಡಿಮೆ. ಜೊತೆಗೆ ಸಕ್ಕರೆ ಅದನ್ನು ತಗ್ಗಿಸುತ್ತದೆ, ಉಪವಾಸ ಏರಿಸುತ್ತದೆ, ಮೈ ಬೆವರುವ ನಡಿಗೆಯೂ ಏರಿಸುತ್ತದೆ.

"ಮೊದಲ ಸಲ ರಕ್ತ ಕೊಟ್ಟಾಗ ಏನು ತಿಂದಿದ್ರಿ ದೊಡ್ಡಪ್ಪ?" ಎಂದೆ. ತಟ್ಟೆ ಇಡ್ಲಿ, ಸಿಹಿ ಕಾಫಿ. ಲ್ಯಾಬಿನ ಹುಡುಗ ಮನೆಗೇ ಬಂದು ರಕ್ತ ತೆಗೆದಿದ್ದ. ಎರಡನೇ ಸಲ? ಖಾಲಿ ಹೊಟ್ಟೆ, ಆಟೊ ಸಿಗದೆ ಎರಡು ಕಿಲೋಮೀಟರ್ ಬಿರುಸಾಗಿ ನಡೆದು ಹೋಗಿದ್ದರು. 0.2 ಮತ್ತು 1.8ರ ನಡುವಿನ ಅಂತರಕ್ಕೆ ಅಷ್ಟೇ ಸಾಕು.

ಸರಿಯಾಗಿ ಅಳೆಯಬೇಕೆಂದರೆ ಕೈಯ ರಕ್ತನಾಳಕ್ಕೆ ಕ್ಯಾನುಲಾ ಎಂಬ ಸಣ್ಣ ನಳಿಕೆ ಹಾಕಿ, ಮಲಗಿದ್ದಾಗಲೂ ಸೇರಿ, ಹಲವು ಗಂಟೆಗಳ ಕಾಲ 20 ನಿಮಿಷಕ್ಕೊಮ್ಮೆ ರಕ್ತ ತೆಗೆಯಬೇಕು. ಅಷ್ಟು ಆಗದಿದ್ದರೆ ಐಜಿಎಫ್-1 ಅಳೆಯಬಹುದು. ಬೆಳವಣಿಗೆ ಹಾರ್ಮೋನಿನ ಆಜ್ಞೆಯಂತೆ ಮುಖ್ಯವಾಗಿ ಯಕೃತ್ತು ತಯಾರಿಸುವ ಈ ವಸ್ತು ದಿನದಲ್ಲಿ ಅಷ್ಟಾಗಿ ಏರಿಳಿಯುವುದಿಲ್ಲ. ಆದರೂ ಪ್ರತಿ ಸಲ ಒಂದೇ ಲ್ಯಾಬ್, ಒಂದೇ ವಿಧಾನ, ಒಂದೇ ಹೊತ್ತು ಇರಬೇಕು. ಪುಡಿ ಕುಡಿದ ಎರಡು ಗಂಟೆಯೊಳಗೆ ಹಾರ್ಮೋನು ಒಮ್ಮೆ ಜಿಗಿದು ಇಳಿದದ್ದನ್ನೇ ಗ್ರಾಫ್ ಮಾಡಿ ತೋರಿಸಿದರೆ, ಮೂರು ತಿಂಗಳ ನಂತರದ ಐಜಿಎಫ್-1 ಎಲ್ಲಿದೆ ಎಂದು ಕೇಳಿ.

ಅಂಕಿ ಏರಿತು, ಮನುಷ್ಯನಿಗೇನಾಯಿತು?

ನನ್ನ ಮಟ್ಟಿಗೆ ಇಡೀ ಪರೀಕ್ಷೆಯ ಜೀವ ಇರುವುದು ಈ ಹೆಜ್ಜೆಯಲ್ಲಿ. ರಕ್ತದಲ್ಲಿ ಅಂಕಿ ಏರಲಿ ಎಂದು ಯಾರೂ ದುಡ್ಡು ಕೊಡುವುದಿಲ್ಲ. ಮೆಟ್ಟಿಲು ಹತ್ತಬೇಕು, ಬೀಳದೆ ಓಡಾಡಬೇಕು ಎಂದು ಕೊಡುತ್ತಾರೆ. ಹಾಗಾಗಿ ಕೈಹಿಡಿತದ ಬಲ, ಆರು ನಿಮಿಷದಲ್ಲಿ ನಡೆಯುವ ದೂರ, ಕುರ್ಚಿಯಿಂದ ಏಳುವ ಸಾಮರ್ಥ್ಯ ಇವನ್ನು ಮೊದಲೂ ಕೊನೆಗೂ ಅಳೆಯಬೇಕು.

1996ರಲ್ಲಿ 70 ದಾಟಿದ 52 ಗಂಡಸರ ಮೇಲೆ, ಈ ಬಾರಿ ಹುಸಿ ಔಷಧದ ಗುಂಪಿನೊಂದಿಗೆ, ಆರು ತಿಂಗಳು ಹಾರ್ಮೋನಿನ ಇಂಜೆಕ್ಷನ್ ಪರೀಕ್ಷಿಸಿದರು. ಕೊಬ್ಬು ಇಳಿಯಿತು, ಕೊಬ್ಬುರಹಿತ ತೂಕ ಏರಿತು, ಓಡಾಡುವ ಶಕ್ತಿ ಮಾತ್ರ ಹೆಚ್ಚಲಿಲ್ಲ. 2008ರಲ್ಲಿ ಎಂಕೆ-677 ಎಂಬ ಪ್ರಾಯೋಗಿಕ ಮಾತ್ರೆಯ ಫಲಿತಾಂಶ ಬಂತು. ಬಾಯಿಂದ ತೆಗೆದುಕೊಂಡರೂ ಹಿರಿಯರ ಹಾರ್ಮೋನನ್ನು ಯುವಕರ ಮಟ್ಟಕ್ಕೆ ಅದು ನಿಜವಾಗಿಯೂ ಏರಿಸಿತು. 60ರಿಂದ 81 ವರ್ಷದ 65 ಮಂದಿಯ ಆ ಅಧ್ಯಯನದಲ್ಲಿ ಮಾತ್ರೆ ಪಡೆದವರ ಕೊಬ್ಬುರಹಿತ ತೂಕ ಸುಮಾರು ಒಂದು ಕಿಲೋ ಹೆಚ್ಚಿತು. ಬಲ ಹೆಚ್ಚಲಿಲ್ಲ. ಖಾಲಿ ಹೊಟ್ಟೆಯ ಸಕ್ಕರೆ ಸ್ವಲ್ಪ ಏರಿತು.

ಕೆಡುಕನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿಡಬೇಕು: ಸಕ್ಕರೆ, ಕಾಲೂತ, ಕೀಲುನೋವು, ಮಣಿಕಟ್ಟಿನ ನರ ಒತ್ತಿ ಬೆರಳು ಜೋಮು ಹಿಡಿಯುವುದು. ಇಂಜೆಕ್ಷನ್ ಪಡೆದ ಹಿರಿಯರಲ್ಲಿ ಇವೆಲ್ಲ ಕಂಡಿವೆ.

ನಿಮ್ಮ ಕೈಯಲ್ಲಾಗುವುದು

ಇಷ್ಟೆಲ್ಲ ಮನೆಯಲ್ಲಿ ಮಾಡಲಾಗದು, ಮಾಡಿದ್ದಾರೆಯೇ ಎಂದು ಕೇಳಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸುವ, ಮನುಷ್ಯರ ಮೇಲಿನ ವೈದ್ಯಕೀಯ ಪ್ರಯೋಗಗಳನ್ನು ದಾಖಲಿಸುವ ಸಿಟಿಆರ್‌ಐ ನೋಂದಣಿಯಲ್ಲಿ ಆ ಉತ್ಪನ್ನದ ಹೆಸರು ಹುಡುಕಿ. ಏನನ್ನು, ಎಷ್ಟು ಜನರಲ್ಲಿ ಅಳೆಯುತ್ತೇವೆ ಎಂದು ಮೊದಲೇ ಬರೆದಿಟ್ಟಿರುತ್ತಾರೆ, ಯಾರು ಬೇಕಾದರೂ ಓದಬಹುದು. ಲೇಬಲ್ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಆಹಾರ ವ್ಯವಹಾರದ ಪರವಾನಗಿ ಮಾತ್ರ, ಪರಿಣಾಮಕ್ಕೆ ಪ್ರಮಾಣಪತ್ರವಲ್ಲ. ಸಕ್ಕರೆ ಕಾಯಿಲೆ ಇದ್ದವರು, ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರು ವೈದ್ಯರನ್ನು ಕೇಳದೆ ಡಬ್ಬಿ ತೆರೆಯಬೇಡಿ.

ದೊಡ್ಡಪ್ಪ ಮೂರನೇ ರಕ್ತ ಪರೀಕ್ಷೆಗೆ ಹೊರಟಿದ್ದರು. ಆ ದುಡ್ಡು ಉಳಿಸಿ ಎಂದು ಊಟದ ಕುರ್ಚಿಯನ್ನು ಗೋಡೆಗೆ ಒರಗಿಸಿಟ್ಟೆ. ಎದೆಯ ಮೇಲೆ ಕೈ ಕಟ್ಟಿ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಂದು ಎಣಿಸಿದೆವು. 65ರಿಂದ 69 ವಯಸ್ಸಿನ ಗಂಡಸರಿಗೆ 12ಕ್ಕಿಂತ ಕಡಿಮೆಯಾದರೆ ಸರಾಸರಿಗಿಂತ ಕೆಳಗೆ. ಅವರದು ಹತ್ತಾಯಿತು. ಮಾರನೆಯ ದಿನದಿಂದ ಬೆಳಿಗ್ಗೆ ಸಂಜೆ ಅದೇ ಕುರ್ಚಿಯ ಅಭ್ಯಾಸ ನಡೆದಿದೆ. ಯುಗಾದಿಗೆ ಬಂದಾಗ ಮತ್ತೆ ಎಣಿಸುವುದೆಂದು ಮಾತಾಗಿದೆ.