ಮಹಾಪಧಮನಿ ಹರಿದು ಬೆನ್ನುಮೂಳೆಯೂ ಮುರಿದಾಗ ಚಿಕಿತ್ಸೆ ಹೇಗೆ?

ವಾಹನ ಅಪಘಾತದಲ್ಲೋ ಎತ್ತರದಿಂದ ಬಿದ್ದಾಗಲೋ ಎದೆಭಾಗದ ಬೆನ್ನುಮೂಳೆ ಮುರಿದಿದ್ದರೆ, ಅದಕ್ಕೆ ತಾಗಿಕೊಂಡೇ ಇಳಿಯುವ ಮಹಾಪಧಮನಿಯೂ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಹರಿದಿರಬಹುದೆಂದು ಶಂಕಿಸಬೇಕು. ಗಾಯಾಳುವಿನ ಕಾಲು ಆಡದಿರುವುದೊಂದೇ ಎಲ್ಲರ ಕಣ್ಣಿಗೆ ಬಿದ್ದು, ಎದೆಯೊಳಗಿನ ಗಾಯ ತಪ್ಪಿಹೋಗುವುದುಂಟು.

ಮೊದಲನೆಯದಾಗಿ, ತಲೆ, ಭುಜ, ಸೊಂಟಗಳು ಒಂದೇ ಗೆರೆಯಲ್ಲಿರುವಂತೆ ಹಲವರು ಸೇರಿ ಗಾಯಾಳುವನ್ನು ಹೊರಳಿಸಬೇಕು. ಮೆತ್ತನೆಯ ಸ್ಪಂಜಿನ ಕುತ್ತಿಗೆಪಟ್ಟಿ ಇಲ್ಲಿ ಕೆಲಸಕ್ಕೆ ಬಾರದು. ಅರಿವಳಿಕೆ ಕೊಡುವ ಮುನ್ನವೇ ಕೈಕಾಲುಗಳ ಬಲವನ್ನು ಪರೀಕ್ಷಿಸಿ ಬರೆದಿಡಬೇಕು. ಇಲ್ಲವಾದರೆ ಆಮೇಲೆ ಕಾಲು ಸೋತಿದ್ದು ಅಪಘಾತದಿಂದಲೋ ಚಿಕಿತ್ಸೆಯಿಂದಲೋ ತಿಳಿಯುವುದಿಲ್ಲ.

ನಂತರ ಸಿ.ಟಿ. ಆಂಜಿಯೋಗ್ರಾಂ, ಅಂದರೆ ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್. ಎದೆಯ ಎಕ್ಸ್-ರೇ ಚೆನ್ನಾಗಿದೆಯೆಂದು ಸುಮ್ಮನಾಗುವ ಅಡ್ಡದಾರಿ ಬೇಡವೇ ಬೇಡ.

ಹೆಚ್ಚಿನವರು ಎಡವುವುದು ಮೂರನೆಯ ಹಂತವಾದ ರಕ್ತದೊತ್ತಡದಲ್ಲಿ. ಹರಿದ ನಾಳ ಒಡೆಯದಂತೆ ಮೇಲಿನ ಒತ್ತಡವನ್ನು 100ರಿಂದ 120ರೊಳಗೆ ಹಿಡಿದಿಡಬೇಕು. ಪೆಟ್ಟುಬಿದ್ದ ಬೆನ್ನುಹುರಿಗೆ ರಕ್ತ ಸಾಲಬೇಕಾದರೆ ಸರಾಸರಿ ಒತ್ತಡ (ಕೆಳಗಿನ ಒತ್ತಡಕ್ಕೆ, ಮೇಲಿನ ಮತ್ತು ಕೆಳಗಿನ ಒತ್ತಡಗಳ ವ್ಯತ್ಯಾಸದ ಮೂರನೇ ಒಂದು ಭಾಗ ಕೂಡಿಸಿದ್ದು) 85ರಿಂದ 90 ಇರಬೇಕೆಂಬುದು ರೂಢಿ. 120/70 ಇರುವವರ ಸರಾಸರಿ ಸುಮಾರು 87. 110/60ಕ್ಕೆ ಇಳಿದರೆ 77 ಮಾತ್ರ. ಎರಡೂ ಹೊಂದುವ ಅವಕಾಶ ಇಷ್ಟು ಕಿರಿದಾಗಿರುವುದರಿಂದ, ತೋಳಿಗೆ ಸುತ್ತುವ ಪಟ್ಟಿಯನ್ನು ನಂಬದೆ ಧಮನಿಗೇ ನಳಿಕೆ ಹಾಕಿ ಕ್ಷಣಕ್ಷಣಕ್ಕೂ ಅಳೆಯಬೇಕು. ಅದು ಬಲಗೈಯಲ್ಲೇ ಇರಲಿ, ಏಕೆಂದರೆ ಮುಂದೆ ಸೀಳು ಮುಚ್ಚಲು ನಾಳದೊಳಗೆ ಇಡುವ ಕೊಳವೆ, ಅಂದರೆ ಸ್ಟೆಂಟ್, ಎಡಗೈಯ ನಾಳದ ಬಾಯಿಯನ್ನು ಮುಚ್ಚಬಹುದು. ಒತ್ತಡ ಇಳಿಸಲು ನಾಳ ಹಿಗ್ಗಿಸುವ ಔಷಧಿಯನ್ನೇ ಮೊದಲು ಕೊಟ್ಟರೆ ನಾಡಿ ಏರಿ, ಪ್ರತಿ ಬಡಿತವೂ ಹರಿದ ಜಾಗವನ್ನು ಇನ್ನಷ್ಟು ಬಲವಾಗಿ ತಟ್ಟುತ್ತದೆ. ಹಾಗಾಗಿ ಮೊದಲು ನಾಡಿಯನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್, ಅದರಲ್ಲೂ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಪರಿಣಾಮ ಇಳಿಯುವ ಎಸ್ಮೊಲಾಲ್ ಡ್ರಿಪ್. ಆದರೆ ರಕ್ತಸ್ರಾವದಿಂದ ಒತ್ತಡ ಕುಸಿದಿದ್ದರೆ, ಅಥವಾ ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾಗಿ ನಾಡಿ ಆಗಲೇ ನಿಧಾನವಾಗಿದ್ದರೆ ಅದನ್ನು ಮುಟ್ಟಬಾರದು. ಎರಡನ್ನೂ ಸರಿದೂಗಿಸಲಾಗದಿದ್ದಾಗ ಮಹಾಪಧಮನಿಗೇ ಮಣೆ ಹಾಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಆದಕಾರಣ ನಾಲ್ಕನೆಯ ಹಂತವನ್ನು ಮುಂದೂಡಬಾರದು. ನಾಳದ ಅಳತೆ ಹೊಂದಿದರೆ ತೊಡೆಸಂದಿನ ಧಮನಿಯಿಂದ ಸ್ಟೆಂಟ್ ಗ್ರಾಫ್ಟ್ ಏರಿಸಿ ಸೀಳನ್ನು ಒಳಗಿನಿಂದಲೇ ಮುಚ್ಚಬಹುದು. ಇದನ್ನು ಅಂಗಾತ ಮಲಗಿಸಿಯೇ ಮಾಡುವುದರಿಂದ ಮುರಿದ ಮೂಳೆ ಅಲುಗುವುದಿಲ್ಲ. ಬೆನ್ನುಹುರಿಯ ಸುತ್ತ ರಕ್ತಸ್ರಾವದ ಭಯವಿದ್ದರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಅನ್ನು ತಗ್ಗಿಸಬೇಕು ಇಲ್ಲವೇ ಬಿಡಬೇಕು. ಗ್ರಾಫ್ಟ್ ಉದ್ದವಾದಷ್ಟೂ ಹುರಿಗೆ ರಕ್ತ ಒಯ್ಯುವ ಸಣ್ಣ ಕವಲುಗಳು ಮುಚ್ಚುವುದರಿಂದ, ಬೇಕಾದುದಕ್ಕಿಂತ ಉದ್ದದ್ದು ಬೇಡ.

ಸೀಳು ಮುಚ್ಚಿದ ಕೂಡಲೇ ರಕ್ತದೊತ್ತಡವನ್ನು ಹುರಿಗೆ ಬೇಕಾದಷ್ಟು ಏರಿಸಬಹುದು. ಆನಂತರವೇ ಬೋರಲು ಮಲಗಿಸಿ ತಿರುಪು, ಸರಳುಗಳಿಂದ ಮೂಳೆಯನ್ನು ಬಿಗಿಯಬೇಕು. ಮೂಳೆಯ ಚೂರು ನಾಳಕ್ಕೇ ಚುಚ್ಚಿಕೊಂಡಿದ್ದರೆ ಅದನ್ನು ಸರಿಸುವಾಗ ರಕ್ತನಾಳದ ಶಸ್ತ್ರವೈದ್ಯರು ಪಕ್ಕದಲ್ಲಿರಲೇಬೇಕು. ಮನೆಗೆ ಹೋದ ಮೇಲೂ ಗ್ರಾಫ್ಟ್ ಜರುಗಿಲ್ಲವೆಂದು ನೋಡಲು ಆಗಾಗ ಸಿ.ಟಿ. ಮಾಡಿಸಬೇಕು.